ಕೇಳಲು ಒಂದು ಬಾಗಿಲು: ಸ್ಥಳೀಯ ಸಂಸ್ಥೆಯಲ್ಲಿ ನೈತಿಕ ಮೇಲ್ವಿಚಾರಣೆಯನ್ನು ಕಟ್ಟುವ ಬಗೆ

ಸಂಜೆ ಕಚೇರಿ ಮುಚ್ಚುವ ಹೊತ್ತು. ಕಿರಿಯ ಎಂಜಿನಿಯರ್ ಒಬ್ಬರು ನನ್ನ ಮೇಜಿನ ಮುಂದೆ ಬಂದು ನಿಂತರು. ಕೈಯಲ್ಲಿ ಬಣ್ಣದ ಕಾಗದ ಸುತ್ತಿದ, ಅಂಗೈಯಗಲದ ಒಂದು ಪೆಟ್ಟಿಗೆ. ಗುತ್ತಿಗೆದಾರರೊಬ್ಬರ ಬಿಲ್ಲು ಅವರ ಪರಿಶೀಲನೆಯಲ್ಲಿತ್ತು. ಆ ಗುತ್ತಿಗೆದಾರರ ಕಡೆಯವರು ಯಾರೋ ಪೆಟ್ಟಿಗೆಯನ್ನು ಅವರ ಸ್ಕೂಟರಿನ ಮೇಲಿಟ್ಟು ಹೋಗಿದ್ದರು. “ಹಿಂದಿರುಗಿಸೋಣವೆಂದರೆ ಕೊಟ್ಟವರು ಕೈಗೆ ಸಿಗುತ್ತಿಲ್ಲ. ಮನೆಗೆ ಒಯ್ಯಲು ಮನಸ್ಸು ಒಪ್ಪುತ್ತಿಲ್ಲ. ಇಲ್ಲೇ ಬಿಟ್ಟು ಹೋದರೆ ನಾಳೆ ಯಾರು ಏನೆನ್ನುತ್ತಾರೋ. ಏನು ಮಾಡಲಿ ಸರ್?” ಎಂದರು.

ನಾನಾಗ ಆ ಕಚೇರಿಯಲ್ಲಿ ಸಭೆಯ ನಡಾವಳಿ ಬರೆಯುವ, ದಾಖಲೆಗಳನ್ನು ಕಾಯುವ ಕೆಲಸದಲ್ಲಿದ್ದೆ. ಇಂಥ ಪ್ರಶ್ನೆಗೆ ಉತ್ತರಿಸುವುದು ನನ್ನ ಕೆಲಸವಾಗಿರಲಿಲ್ಲ. ಯಾರ ಕೆಲಸವೂ ಆಗಿರಲಿಲ್ಲ. ಒಂದು ಬಿಳಿ ಹಾಳೆ ತೆಗೆದುಕೊಂಡೆವು. ದಿನಾಂಕ, ಗಂಟೆ, ಪೆಟ್ಟಿಗೆ ಎಲ್ಲಿ ಸಿಕ್ಕಿತು, ಯಾವ ಬಿಲ್ಲು ಬಾಕಿ ಇದೆ ಎಂದು ಬರೆದೆವು. ಕೊನೆಗೆ ‘ಪೆಟ್ಟಿಗೆ ತೆರೆದಿಲ್ಲ’ ಎಂದು ಸೇರಿಸಿ ಇಬ್ಬರೂ ರುಜು ಹಾಕಿದೆವು. ಆ ರಾತ್ರಿ ಅದು ನಗದು ಶಾಖೆಯ ಕಪಾಟಿನಲ್ಲಿತ್ತು. ಮರುದಿನ ಮುದ್ದಾಂ ಮೂಲಕ ಗುತ್ತಿಗೆದಾರರ ಕಚೇರಿಗೆ ಹೋಯಿತು, ಸ್ವೀಕೃತಿ ಬಂತು. ಬಿಲ್ಲನ್ನು ಬೇರೊಬ್ಬ ಎಂಜಿನಿಯರ್ ಪರಿಶೀಲಿಸಿದರು.

ಅವರೇನೋ ಕೇಳಿದರು. ಕೇಳದೆ ಹೋದವರು ಎಷ್ಟು ಮಂದಿಯೋ, ಕೇಳಬೇಕೆಂದಿದ್ದರೂ ಯಾರನ್ನು ಕೇಳಬೇಕೆಂದು ತಿಳಿಯದವರು ಎಷ್ಟು ಮಂದಿಯೋ ಎಂಬ ಯೋಚನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ. ನೈತಿಕ ಮೇಲ್ವಿಚಾರಣೆ ಎಂದೊಡನೆ ನಮಗೆ ದಾಳಿ, ಅಮಾನತು, ಪತ್ರಿಕೆಯ ತಲೆಬರಹಗಳು ನೆನಪಾಗುತ್ತವೆ. ಅವೆಲ್ಲ ತಪ್ಪು ನಡೆದ ಮೇಲಿನ ಮಾತು. ತಪ್ಪಿಗೆ ಮುಂಚೆ ಕೇಳಲು ಒಂದು ಬಾಗಿಲಿರಬೇಕು. ಆ ಬಾಗಿಲಲ್ಲಿ ಕುಳಿತವರು ಯಾರ ಮರ್ಜಿಗೂ ಬೀಳದವರಾಗಿರಬೇಕು. ಉಳಿದದ್ದೆಲ್ಲ ಈ ಎರಡರ ಮೇಲೆ ನಿಲ್ಲುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ. ಅದನ್ನು ಕಟ್ಟುವ ಕ್ರಮವನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಸದಸ್ಯರು, ಅಧಿಕಾರಿಗಳು, ಹೊರಗಿನಿಂದ ನೋಡುವ ನಿವಾಸಿಗಳು, ಯಾರು ಬೇಕಾದರೂ ಇದನ್ನು ಹಿಡಿದು ಹೊರಡಬಹುದು. ನಿಮ್ಮಲ್ಲಿನ ಕಾನೂನು ಇದಕ್ಕಿಂತ ಬಿಗಿಯಾಗಿದ್ದರೆ ಕಾನೂನೇ ನಡೆಯಬೇಕು.

ಮೊದಲು ಒಂದು ಮಾತು. ಸ್ಥಳೀಯ ಸಂಸ್ಥೆಯ ತೊಡಕು ದೊಡ್ಡ ಸರ್ಕಾರದ ತೊಡಕಿಗಿಂತ ಬೇರೆ. ರಾಜಧಾನಿಯ ಕಚೇರಿಯಲ್ಲಿ ಕಡತದ ಹಿಂದಿನ ಮುಖ ಕಾಣುವುದಿಲ್ಲ. ಇಲ್ಲಿ ಅರ್ಜಿದಾರರು ಪಕ್ಕದ ಬೀದಿಯವರು, ಗುತ್ತಿಗೆದಾರರು ಸಹಪಾಠಿ, ಕಟ್ಟಡದ ಪರವಾನಗಿ ಕೇಳಿ ಬಂದವರು ತಂಗಿಯ ಮಾವ. ಹಿತಾಸಕ್ತಿಯ ಸಂಘರ್ಷ ಇಲ್ಲಿ ಅಪರೂಪದ ಅಪರಾಧವಲ್ಲ, ದಿನನಿತ್ಯದ ಸಂಗತಿ. ಸಂಬಂಧವಿದೆ ಎಂಬುದು ಯಾರ ತಪ್ಪೂ ಅಲ್ಲ. ಅದನ್ನು ಮುಚ್ಚಿಟ್ಟು ಕಡತಕ್ಕೆ ಕೈ ಹಾಕುವುದು ತಪ್ಪು.

ಹೆಜ್ಜೆ 1: ಯಾರು ಯಾರು ಇದರೊಳಗೆ ಬರುತ್ತಾರೆ?

ಚುನಾಯಿತ ಸದಸ್ಯರು, ಅಧಿಕಾರಿಗಳು, ಕಾಯಂ ನೌಕರರು ಬರುತ್ತಾರೆ ಎಂಬುದರಲ್ಲಿ ಅನುಮಾನವಿಲ್ಲ. ಬಿಟ್ಟುಹೋಗುವವರು ಬೇರೆಯವರು: ಹೊರಗುತ್ತಿಗೆಯ ಡೇಟಾ ಎಂಟ್ರಿ ನೌಕರರು, ಮೀಟರ್ ಓದುವವರು, ಟೆಂಡರ್ ದಾಖಲೆ ತಯಾರಿಸಿಕೊಡುವ ಸಲಹೆಗಾರರು, ಸಮಿತಿಗಳಿಗೆ ನಾಮನಿರ್ದೇಶನಗೊಂಡವರು. ಟೆಂಡರಿನ ಷರತ್ತುಗಳನ್ನು ಬರೆದ ಸಲಹೆಗಾರರಿಗೆ ಬಿಡ್ ಹಾಕುವ ಕಂಪನಿಯಲ್ಲಿ ಪಾಲಿದ್ದರೆ, ನೌಕರರೆಲ್ಲ ಎಷ್ಟು ಶುದ್ಧವಾಗಿದ್ದರೂ ಫಲವಿಲ್ಲ. ಆದ್ದರಿಂದ ಹುದ್ದೆಯ ಹೆಸರನ್ನು ನೋಡದೆ, ಯಾರ ಕೈಯಲ್ಲಿ ನಿರ್ಧಾರ, ಹಣ ಅಥವಾ ಗೋಪ್ಯ ಮಾಹಿತಿ ಇದೆ ಎಂದು ನೋಡಿ ಪಟ್ಟಿ ಮಾಡಿ. ಗುತ್ತಿಗೆ ಕರಾರಿನಲ್ಲಿಯೇ ಸಂಸ್ಥೆಯ ನೀತಿ ಸಂಹಿತೆಯನ್ನು ಒಂದು ಷರತ್ತಾಗಿ ಸೇರಿಸಿದರೆ ಹೊರಗಿನವರೂ ಅದಕ್ಕೆ ಬದ್ಧರಾಗುತ್ತಾರೆ.

ಹೆಜ್ಜೆ 2: ಸಂಹಿತೆಯನ್ನು ಸನ್ನಿವೇಶಗಳಲ್ಲಿ ಬರೆಯಿರಿ

ತತ್ವಗಳಿಗೆ ಕೊರತೆಯಿಲ್ಲ. ಬ್ರಿಟನ್ನಿನಲ್ಲಿ 1994ರಲ್ಲಿ ರಚನೆಯಾದ ನೋಲನ್ ಸಮಿತಿ 1995ರ ತನ್ನ ಮೊದಲ ವರದಿಯಲ್ಲಿ ಸಾರ್ವಜನಿಕ ಜೀವನಕ್ಕೆ ಏಳು ತತ್ವಗಳನ್ನು ಕೊಟ್ಟಿತು: ನಿಸ್ವಾರ್ಥ, ಸಮಗ್ರತೆ, ವಸ್ತುನಿಷ್ಠತೆ, ಉತ್ತರದಾಯಿತ್ವ, ಮುಕ್ತತೆ, ಪ್ರಾಮಾಣಿಕತೆ, ನಾಯಕತ್ವ. ವಿಶ್ವಸಂಸ್ಥೆಯ ಭ್ರಷ್ಟಾಚಾರ ವಿರೋಧಿ ಒಡಂಬಡಿಕೆ (2003) ತನ್ನ 8ನೆಯ ವಿಧಿಯಲ್ಲಿ ಸಾರ್ವಜನಿಕ ಸೇವಕರಿಗೆ ನೀತಿ ಸಂಹಿತೆ ಇರಬೇಕೆನ್ನುತ್ತದೆ. ಇವನ್ನು ಮುನ್ನುಡಿಯಲ್ಲಿ ಅರ್ಧ ಪುಟದಷ್ಟು ಬರೆದು ಮುಂದೆ ಸಾಗಿ. ಪೆಟ್ಟಿಗೆ ಹಿಡಿದು ನಿಂತ ಎಂಜಿನಿಯರ್‌ಗೆ ‘ಸಮಗ್ರತೆ’ ಎಂಬ ಪದ ದಾರಿ ತೋರಿಸುವುದಿಲ್ಲ. “ನಿಮ್ಮ ಮುಂದೆ ಕೆಲಸ ಬಾಕಿಯಿರುವವರಿಂದ ಏನನ್ನೂ ಪಡೆಯಬೇಡಿ, ಬಿಟ್ಟುಹೋದರೆ ಅದೇ ದಿನ ಬರೆದಿಡಿ, ಮರುದಿನ ಹಿಂದಿರುಗಿಸಿ” ಎಂಬ ವಾಕ್ಯ ತೋರಿಸುತ್ತದೆ.

ಉಡುಗೊರೆ, ಎರಡನೆಯ ಉದ್ಯೋಗ, ಬಂಧುಗಳ ನೇಮಕಾತಿ, ಕಚೇರಿಯ ವಾಹನ ಮತ್ತು ಸಿಬ್ಬಂದಿಯನ್ನು ಸ್ವಂತ ಕೆಲಸಕ್ಕೆ ಬಳಸುವುದು, ಗೋಪ್ಯ ಮಾಹಿತಿಯ ಸೋರಿಕೆ, ನಿವೃತ್ತರಾದ ಮೇಲೆ ಗುತ್ತಿಗೆದಾರರ ಪರವಾಗಿ ಅದೇ ಕಚೇರಿಗೆ ಬರುವುದು. ಈ ಆರಕ್ಕೂ ಒಂದೊಂದು ಪುಟದಲ್ಲಿ ಎರಡು ಮೂರು ಸನ್ನಿವೇಶಗಳು ಬೇಕು. ಕೊನೆಯದಕ್ಕೆ ಒಂದು ಅವಧಿಯನ್ನೂ ಗೊತ್ತು ಮಾಡಿ. ಒಂದು ವರ್ಷವೆಂದು ಇಟ್ಟುಕೊಂಡ ಕಡೆಗಳು ಹಲವು.

ಉಡುಗೊರೆಯ ವಿಷಯದಲ್ಲಿ ಅಂಕಿ ಇರಲಿ. ನ್ಯೂಯಾರ್ಕ್ ನಗರದಲ್ಲಿ ನಗರದೊಂದಿಗೆ ವ್ಯವಹಾರವಿರುವವರಿಂದ 50 ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಉಡುಗೊರೆಯನ್ನು ಪಡೆಯುವಂತಿಲ್ಲ. ಅಂಕಿ ಎಷ್ಟೆಂಬುದಕ್ಕಿಂತ ಅಂಕಿ ಇದೆ ಎಂಬುದು ಮುಖ್ಯ. ‘ಸಮಂಜಸ ಬೆಲೆಯ’ ಎಂದು ಬರೆದರೆ ಪ್ರತಿಯೊಬ್ಬರೂ ತಮ್ಮ ತಮ್ಮ ತಕ್ಕಡಿಯಲ್ಲಿ ತೂಗುತ್ತಾರೆ. ಟೆಂಡರ್, ಪರವಾನಗಿ, ತಪಾಸಣೆಯ ಕೆಲಸದಲ್ಲಿರುವವರಿಗೆ ಆ ಅಂಕಿ ಸೊನ್ನೆಯೇ ಆಗಿರಲಿ ಎನ್ನುವವನು ನಾನು. ಟೊರಾಂಟೊ ನಗರದ ಕಂಪ್ಯೂಟರ್ ಗುತ್ತಿಗೆಯ ಹಗರಣದಲ್ಲಿ ನಗರಸಭೆ ಒಪ್ಪಿದ್ದ ಸುಮಾರು 4.3 ಕೋಟಿ ಡಾಲರಿನ ವ್ಯವಹಾರ 8 ಕೋಟಿ ದಾಟಿತು. 2005ರಲ್ಲಿ ಹೊರಬಂದ ನ್ಯಾಯಾಂಗ ತನಿಖೆಯ ವರದಿ ತೆರೆದಿಟ್ಟ ಕಥೆಯಲ್ಲಿ ಐಸ್ ಹಾಕಿ ಪಂದ್ಯಗಳಿಗೆ ಕರೆದೊಯ್ಯುವುದು, ಊಟ, ಸ್ನೇಹ ಎಲ್ಲವೂ ಇದ್ದವು. ಹಣದ ಕಂತೆಯಿಂದ ಶುರುವಾಗುವ ಹಗರಣಗಳು ಕಡಿಮೆ. ಅಡಿಕೆಗೆ ಹೋದ ಮಾನ ಎಂದು ನಾವು ಆಡುವ ಮಾತು ಇಂಥ ಕಡೆ ಅಕ್ಷರಶಃ ನಿಜ.

ಸಂಘರ್ಷವನ್ನು ಅಳೆಯಲು ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ (ಒಇಸಿಡಿ) 2003ರಲ್ಲಿ ಕೊಟ್ಟ ಮೂರು ಬಗೆಗಳು ಕೆಲಸಕ್ಕೆ ಬರುತ್ತವೆ: ಈಗ ಇರುವ ಸಂಘರ್ಷ, ಇದೆಯೆಂದು ತೋರುವ ಸಂಘರ್ಷ, ಮುಂದೆ ಬರಬಹುದಾದ ಸಂಘರ್ಷ. ಎರಡನೆಯದನ್ನು ಜನ ಹಗುರವಾಗಿ ಕಾಣುತ್ತಾರೆ. ಆದರೆ ನಿವಾಸಿಗೆ ಕಾಣುವುದು ತೋರಿಕೆ ಮಾತ್ರ. ಅಧಿಕಾರಿಯ ಅಂತರಂಗವನ್ನು ಇಣುಕಿ ನೋಡಲು ಅವರಿಗೆ ಸಾಧ್ಯವಿಲ್ಲ.

ಹೆಜ್ಜೆ 3: ಘೋಷಣೆಯ ವಹಿ

ಅಧಿಕಾರ ವಹಿಸಿಕೊಂಡ ಮೇಲೆ ನಿಗದಿತ ದಿನಗಳೊಳಗೆ ಸದಸ್ಯರು ಮತ್ತು ನಿರ್ಧಾರ ಕೈಗೊಳ್ಳುವ ಅಧಿಕಾರಿಗಳು ತಮ್ಮ ಹಿತಾಸಕ್ತಿಗಳನ್ನು ಬರೆದುಕೊಡಬೇಕು. ಇಂಗ್ಲೆಂಡಿನ 2011ರ ಸ್ಥಳೀಯತಾ ಕಾಯ್ದೆ ಸದಸ್ಯರಿಗೆ 28 ದಿನಗಳ ಗಡುವು ಕೊಡುತ್ತದೆ, ಸಂಗಾತಿಯ ಹಿತಾಸಕ್ತಿಯನ್ನೂ ಸೇರಿಸುತ್ತದೆ. ಜಮೀನು ಮತ್ತು ಕಟ್ಟಡ, ವ್ಯಾಪಾರದಲ್ಲಿ ಪಾಲು, ಬೇರೆ ಸಂಬಳ, ಸಂಸ್ಥೆಯೊಂದಿಗಿನ ಕರಾರುಗಳು, ಸಾಲ ಕೊಟ್ಟವರು, ಇಷ್ಟು ಸಾಕು. ಹೊಸದೇನಾದರೂ ಬಂದರೆ ತಿಂಗಳೊಳಗೆ ಸೇರಿಸಬೇಕು.

ಈ ವಹಿಗಳ ಪಾಡು ನನಗೆ ಚೆನ್ನಾಗಿ ಗೊತ್ತು. ವರ್ಷಕ್ಕೊಮ್ಮೆ ಲಕೋಟೆಗಳು ಬರುತ್ತವೆ, ಬಂದವೆಂದು ಗುರುತು ಹಾಕಲಾಗುತ್ತದೆ, ಕಪಾಟು ಸೇರುತ್ತವೆ. ಯಾರೂ ತೆರೆದು ಓದುವುದಿಲ್ಲ. ಓದದ ಘೋಷಣೆಯಿಂದ ಆಗುವ ಒಂದೇ ಕೆಲಸವೆಂದರೆ, ಎಲ್ಲ ಸರಿಯಾಗಿದೆ ಎಂಬ ಸುಳ್ಳು ಸಮಾಧಾನ. ಆದ್ದರಿಂದ ಎರಡು ಹೋಲಿಕೆಗಳನ್ನು ಕಡ್ಡಾಯ ಮಾಡಿ. ಒಂದು, ಮೂರು ತಿಂಗಳಿಗೊಮ್ಮೆ ಘೋಷಣೆಗಳಲ್ಲಿನ ಕಂಪನಿ ಮತ್ತು ಸಂಗಾತಿಗಳ ಹೆಸರುಗಳನ್ನು, ಹಣ ಪಾವತಿಯಾದ ಗುತ್ತಿಗೆದಾರರು ಮತ್ತು ಸರಬರಾಜುದಾರರ ಪಟ್ಟಿಯೊಂದಿಗೆ ತಾಳೆ ನೋಡುವುದು. ಇನ್ನೊಂದು, ಪ್ರತಿ ಸಭೆಯ ಕಾರ್ಯಸೂಚಿ ಸಿದ್ಧವಾದಾಗ ಅದನ್ನು ಆಸ್ತಿಯ ವಿವರಗಳೊಂದಿಗೆ ತಾಳೆ ನೋಡುವುದು. ಹೊಸ ರಸ್ತೆ ಯಾರ ಜಮೀನಿನ ಪಕ್ಕದಲ್ಲಿ ಹೋಗುತ್ತದೆ ಎಂಬುದು ಸಭೆಗೆ ಮೂರು ದಿನ ಮೊದಲೇ ತಿಳಿದರೆ, ಆ ಸದಸ್ಯರಿಗೆ ಒಂದು ಚೀಟಿ ಕಳುಹಿಸಿ ನೆನಪಿಸಬಹುದು. ಸಿಕ್ಕಿಬೀಳಿಸುವುದಕ್ಕಿಂತ ನೆನಪಿಸುವುದು ಎಷ್ಟೋ ಮೇಲು.

ವಹಿ ಸಾರ್ವಜನಿಕರಿಗೆ ತೆರೆದಿರಬೇಕು. ಮನೆ ವಿಳಾಸ, ಖಾತೆ ಸಂಖ್ಯೆ, ಮಕ್ಕಳ ವಿವರಗಳನ್ನು ಮರೆಮಾಡಿ, ಬೆದರಿಕೆ ಇರುವವರಿಗೆ ವಿನಾಯಿತಿ ಕೊಡಿ. ಸಂಬಳ ಮತ್ತು ಭತ್ಯೆಯನ್ನಂತೂ ಯಾವ ಕಾರಣಕ್ಕೂ ಮುಚ್ಚಬೇಡಿ. ಕ್ಯಾಲಿಫೋರ್ನಿಯಾದ ಬೆಲ್ ಎಂಬ ಪುಟ್ಟ ನಗರದಲ್ಲಿ ಇದ್ದದ್ದು ಮೂವತ್ತೈದು ಸಾವಿರ ಚಿಲ್ಲರೆ ಜನ. ಅಲ್ಲಿನ ನಗರ ವ್ಯವಸ್ಥಾಪಕರು ವರ್ಷಕ್ಕೆ ಸುಮಾರು 8 ಲಕ್ಷ ಡಾಲರ್ ಸಂಬಳ ಪಡೆಯುತ್ತಿದ್ದರು; ಅರೆಕಾಲಿಕ ಸದಸ್ಯರಿಗೂ ಲಕ್ಷ ಡಾಲರಿನ ಹತ್ತಿರ ಹೋಗುತ್ತಿತ್ತು. 2010ರಲ್ಲಿ ಪತ್ರಿಕೆ ಬಯಲಿಗೆಳೆಯುವವರೆಗೂ ಊರಿನವರಿಗೆ ಇದು ತಿಳಿದಿರಲಿಲ್ಲ. ಸಂಬಳದ ಪಟ್ಟಿ ಸೂಚನಾ ಫಲಕದಲ್ಲಿ ನೇತಾಡುತ್ತಿದ್ದರೆ ಮೊದಲ ವರ್ಷವೇ ಯಾರಾದರೂ ಬೆರಳಿಟ್ಟು ತೋರಿಸುತ್ತಿದ್ದರು.

ಹೆಜ್ಜೆ 4: ಸಲಹೆಯ ಮೇಜು

ನಿಮ್ಮಿಂದ ಒಂದೇ ಒಂದನ್ನು ಮಾಡಲು ಸಾಧ್ಯವಿದ್ದರೆ ಇದನ್ನು ಮಾಡಿ. ಕೆಲಸ ಮಾಡುವ ಮುಂಚೆ ‘ಇದು ಸರಿಯೇ?’ ಎಂದು ಕೇಳಲು ಒಬ್ಬ ವ್ಯಕ್ತಿ, ಒಂದು ಫೋನ್ ಸಂಖ್ಯೆ, ಒಂದು ಇಮೇಲ್. ನ್ಯೂಯಾರ್ಕ್ ನಗರದ ಹಿತಾಸಕ್ತಿ ಸಂಘರ್ಷ ಮಂಡಳಿ ದಂಡ ಹಾಕುವ ಸಂಸ್ಥೆಯೆಂದೇ ಹೊರಗಿನವರಿಗೆ ಗೊತ್ತು. ಅದು 25,000 ಡಾಲರಿನವರೆಗೆ ದಂಡ ವಿಧಿಸಬಲ್ಲದು. ಆದರೆ ಅದರ ವಕೀಲರ ದಿನಗಳು ಬಹುಮಟ್ಟಿಗೆ ಕಳೆಯುವುದು ನಗರದ ನೌಕರರ ಪ್ರಶ್ನೆಗಳಿಗೆ ಗುಟ್ಟಾಗಿ ಉತ್ತರ ಹೇಳುವುದರಲ್ಲಿ, ತರಬೇತಿ ಕೊಡುವುದರಲ್ಲಿ. ಹಾಂಗ್‌ಕಾಂಗ್‌ನ ಭ್ರಷ್ಟಾಚಾರ ವಿರೋಧಿ ಆಯೋಗವೂ 1974ರಲ್ಲಿ ಶುರುವಾದಾಗಿನಿಂದ ತನಿಖೆಯ ಜೊತೆಗೆ ತಡೆ ಮತ್ತು ತಿಳಿವಳಿಕೆಗಳಿಗೆ ಪ್ರತ್ಯೇಕ ವಿಭಾಗಗಳನ್ನು ಇಟ್ಟುಕೊಂಡು ಬಂದಿದೆ.

ಸಲಹೆ ಕೊಡುವವರು ಕೇಳುವವರ ಮೇಲಧಿಕಾರಿ ಆಗಿರಬಾರದು. ಮೇಲಧಿಕಾರಿಯ ಮುಂದೆ ‘ನನ್ನ ಅಣ್ಣನಿಗೆ ಆ ಕಂಪನಿಯಲ್ಲಿ ಕೆಲಸವಿದೆ’ ಎಂದು ಹೇಳಿದರೆ ಮುಂದಿನ ಬಡ್ತಿಯವರೆಗೂ ಆ ಮಾತು ಬೆನ್ನು ಹತ್ತುತ್ತದೆ ಎಂಬ ಭಯ ನೌಕರರಿಗಿರುತ್ತದೆ. ಸಣ್ಣ ಸಂಸ್ಥೆಗೆ ಪ್ರತ್ಯೇಕ ವಕೀಲರನ್ನು ಇಟ್ಟುಕೊಳ್ಳುವ ಶಕ್ತಿ ಇಲ್ಲದಿದ್ದರೆ ನೆರೆಯ ನಾಲ್ಕೈದು ಸಂಸ್ಥೆಗಳು ಸೇರಿ ಒಬ್ಬರನ್ನು ಹಂಚಿಕೊಳ್ಳಬಹುದು. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 2019ರ ಮಾರ್ಚ್‌ನಿಂದ ಪ್ರತಿಯೊಂದು ಸ್ಥಳೀಯ ಸಂಸ್ಥೆಗೂ ‘ಸಮಗ್ರತಾ ಆಯುಕ್ತ’ರ ಸೇವೆ ಕಡ್ಡಾಯವಾಗಿದೆ, ಒಬ್ಬರೇ ಆಯುಕ್ತರು ಹಲವು ಪುಟ್ಟ ಊರುಗಳನ್ನು ನೋಡಿಕೊಳ್ಳುವುದು ಅಲ್ಲಿ ಸಾಮಾನ್ಯ.

ಬಾಯಿಮಾತಿನ ಸಲಹೆ ಬೇಗ ಸಿಗಲಿ, ಆದರೆ ಮುಖ್ಯವಾದದ್ದು ಬರಹದಲ್ಲಿರಲಿ. ಕೇಳುವವರು ಸಂಗತಿಗಳನ್ನು ತಾವೇ ಬರೆದುಕೊಡಬೇಕು. ಉತ್ತರದಲ್ಲಿ ಮೂರೇ ಮಾತು ಸಾಕು: ನೀವು ಹೇಳಿದ ಸಂಗತಿ ಇದು, ಅನ್ವಯಿಸುವ ನಿಯಮ ಇದು, ಆದ್ದರಿಂದ ಹೀಗೆ ಮಾಡಿ. ಮಾಮೂಲಿ ಪ್ರಶ್ನೆಗೆ ಎರಡು ಕೆಲಸದ ದಿನಗಳು, ತೊಡಕಿನದಕ್ಕೆ ಎರಡು ವಾರ. ಅದಕ್ಕಿಂತ ತಡವಾದರೆ ಜನ ಕೇಳುವುದನ್ನೇ ಬಿಡುತ್ತಾರೆ.

ಇನ್ನೊಂದು ಭರವಸೆ ಇಲ್ಲದಿದ್ದರೆ ಈ ಮೇಜಿಗೆ ಯಾರೂ ಬರುವುದಿಲ್ಲ. ಎಲ್ಲ ಸಂಗತಿಗಳನ್ನೂ ಮುಚ್ಚುಮರೆಯಿಲ್ಲದೆ ಹೇಳಿ, ಸಿಕ್ಕ ಸಲಹೆಯಂತೆಯೇ ನಡೆದವರ ಮೇಲೆ ಮುಂದೆ ಅದೇ ವಿಷಯಕ್ಕೆ ಕ್ರಮ ಕೈಗೊಳ್ಳುವುದಿಲ್ಲ ಎಂದು ಸಂಹಿತೆಯಲ್ಲಿ ಬರೆಯಿರಿ. ಟೊರಾಂಟೊದ ಸಂಹಿತೆಯಲ್ಲಿ ಇಂಥದೊಂದು ನಿಯಮವಿದೆ: ಬರಹದಲ್ಲಿ ಕೊಟ್ಟ ಸಲಹೆ, ಸಂಗತಿಗಳನ್ನು ಪೂರ್ತಿ ತಿಳಿಸಿದ್ದರೆ, ಕೊಟ್ಟ ಆಯುಕ್ತರನ್ನೇ ಕಟ್ಟಿಹಾಕುತ್ತದೆ. ಸಂಗತಿ ಮುಚ್ಚಿಟ್ಟವರಿಗೆ ಈ ರಕ್ಷಣೆ ಇಲ್ಲ. ವರ್ಷದ ಕೊನೆಯಲ್ಲಿ ಹೆಸರು, ಶಾಖೆ, ಗುರುತು ಹಿಡಿಯುವ ವಿವರಗಳನ್ನೆಲ್ಲ ತೆಗೆದು ಪ್ರಶ್ನೋತ್ತರಗಳನ್ನು ಪ್ರಕಟಿಸಿ. ಒಬ್ಬರು ಕೇಳಿದ್ದು ನೂರು ಜನರಿಗೆ ಪಾಠವಾಗುತ್ತದೆ. ಐದಾರು ವರ್ಷಗಳಲ್ಲಿ ಆ ಕಿರುಹೊತ್ತಗೆಯೇ ನಿಮ್ಮ ಸಂಹಿತೆಗಿಂತ ಹೆಚ್ಚು ಓದಿಸಿಕೊಳ್ಳುತ್ತದೆ.

ಹೆಜ್ಜೆ 5: ಎದ್ದು ಹೊರಗೆ ಹೋಗುವ ಕ್ರಮ

ನನ್ನ ನಡಾವಳಿ ಪುಸ್ತಕದಲ್ಲಿ ನಾನೇ ಬರೆದ ಒಂದು ಸಾಲು ಇಂದಿಗೂ ನನ್ನನ್ನು ಚುಚ್ಚುತ್ತದೆ. ‘ಸದರಿ ವಿಷಯದಲ್ಲಿ ಮಾನ್ಯ ಸದಸ್ಯರು ತಟಸ್ಥರಾಗಿ ಉಳಿದರು.’ ಟೆಂಡರ್ ಹಾಕಿದ್ದವರಲ್ಲಿ ಅವರ ಹತ್ತಿರದ ಬಂಧು ಒಬ್ಬರಿದ್ದರು. ಸದಸ್ಯರು ಅದನ್ನು ಹೇಳಿದರು, ಮತ ಹಾಕುವುದಿಲ್ಲ ಎಂದೂ ಹೇಳಿದರು. ಆದರೆ ಕುರ್ಚಿಯಿಂದ ಏಳಲಿಲ್ಲ. ಇನ್ನೊಬ್ಬ ಬಿಡ್‌ದಾರರ ಹಳೆಯ ಕಾಮಗಾರಿಯ ಬಗ್ಗೆ ಎರಡು ಪ್ರಶ್ನೆ ಕೇಳಿದರು. ಕೈ ಎತ್ತುವ ಹೊತ್ತಿಗೆ ಸುಮ್ಮನೆ ಎದುರಿನವರ ಮುಖ ನೋಡುತ್ತ ಕುಳಿತರು. ನಾನು ಬರೆದ ಸಾಲು ಸುಳ್ಳಲ್ಲ, ಆದರೆ ಆ ಕೊಠಡಿಯಲ್ಲಿ ನಡೆದದ್ದು ಅದಲ್ಲ. ಎದ್ದುನಿಂತು ಹೇಳುವ ಅಧಿಕಾರ ನನಗಿರಲಿಲ್ಲ, ಹೇಳಲು ಆಧಾರವಾಗುವ ನಿಯಮವೂ ಇರಲಿಲ್ಲ. ಹಾಗಿದ್ದರೂ, ಕೇಳಿದ ಆ ಎರಡು ಪ್ರಶ್ನೆಗಳನ್ನು ನಡಾವಳಿಯಲ್ಲಿ ದಾಖಲಿಸಬಹುದಿತ್ತು. ದಾಖಲಿಸಲಿಲ್ಲ.

ಆದ್ದರಿಂದ ನಿಯಮವನ್ನು ದೇಹದ ಚಲನೆಯ ಮಟ್ಟದಲ್ಲಿ ಬರೆಯಿರಿ. ಹಿತಾಸಕ್ತಿ ಇರುವವರು ವಿಷಯ ಕೈಗೆತ್ತಿಕೊಳ್ಳುವ ಮುಂಚೆಯೇ ಅದನ್ನು ಹೇಳಬೇಕು. ಯಾವ ಹಿತಾಸಕ್ತಿ ಎಂಬುದನ್ನೂ ಹೇಳಬೇಕು, ‘ವೈಯಕ್ತಿಕ ಕಾರಣ’ ಎಂದರೆ ಸಾಲದು. ಬಳಿಕ ಎದ್ದು ಕೊಠಡಿಯಿಂದ ಹೊರಗೆ ಹೋಗಬೇಕು. ಪ್ರೇಕ್ಷಕರ ಸಾಲಿನಲ್ಲಿ ಕೂರುವಂತಿಲ್ಲ. ಆನ್‌ಲೈನ್ ಸಭೆಯಾದರೆ ಸಂಪರ್ಕ ಕಡಿತಗೊಳಿಸಬೇಕು. ಹೊರಗೆ ಹೋದ ಸಮಯ ಮತ್ತು ಮರಳಿದ ಸಮಯ ಎರಡೂ ನಡಾವಳಿಯಲ್ಲಿ ಬರಬೇಕು. ಸಭೆಯ ಹಿಂದುಮುಂದೆ ಆ ವಿಷಯದ ಬಗ್ಗೆ ಅಧಿಕಾರಿಗಳಿಗೆ ಫೋನ್ ಮಾಡುವುದು ಮತ ಹಾಕಿದ್ದಕ್ಕೆ ಸಮ. ಹೊರಗೆ ಹೋದವರಿಂದ ಕೋರಂ ಮುರಿದರೆ ಏನು ಮಾಡಬೇಕೆಂಬುದನ್ನೂ ಮೊದಲೇ ಬರೆದಿಡಿ. ಇಲ್ಲದಿದ್ದರೆ ಆ ನೆಪವೇ ಒಳಗೆ ಕೂರಲು ದಾರಿಯಾಗುತ್ತದೆ.

ನೌಕರರ ವಿಷಯದಲ್ಲಿ ಎದ್ದು ಹೋಗುವುದೆಂದರೆ ಕಡತ ಬಿಟ್ಟುಕೊಡುವುದು. ಇಲ್ಲೊಂದು ಸೂಕ್ಷ್ಮವಿದೆ. ಕಡತ ಸಮಾನ ದರ್ಜೆಯವರಿಗೋ ಮೇಲಿನವರಿಗೋ ಹೋಗಬೇಕು, ಕೈಕೆಳಗಿನವರಿಗೆ ಎಂದಿಗೂ ಹೋಗಬಾರದು. ತನ್ನ ಅಧಿಕಾರಿಯ ಬಂಧುವಿನ ಬಿಲ್ಲನ್ನು ಕಡಿತ ಮಾಡುವ ಗುಮಾಸ್ತರನ್ನು ನಾನು ಕಂಡಿಲ್ಲ. ಕಡತದ ಟಿಪ್ಪಣಿಯಲ್ಲಿ ‘ಹಿತಾಸಕ್ತಿಯ ಕಾರಣ ವರ್ಗಾಯಿಸಲಾಗಿದೆ’ ಎಂಬ ಷರಾ, ದಿನಾಂಕ, ರುಜು ಇರಲಿ.

ಹೆಜ್ಜೆ 6: ಕಾಯುವವರನ್ನು ಯಾರು ನೇಮಿಸುತ್ತಾರೆ?

ಆಡಳಿತದ ಮೇಲಿನ ದೂರನ್ನು ಆಡಳಿತದ ಹೊರಗಿನವರು ಕೇಳಬೇಕೆಂಬ ವಿಚಾರ ಹಳೆಯದು. ಸ್ವೀಡನ್ 1809ರಲ್ಲಿಯೇ ಒಂಬುಡ್ಸ್‌ಮನ್ ಹುದ್ದೆಯನ್ನು ಸೃಷ್ಟಿಸಿತು. ಲೋಕಾಯುಕ್ತದಂತಹ ಸಂಸ್ಥೆಗಳು ಅದೇ ಬೇರಿನ ಚಿಗುರು. ಸ್ಥಳೀಯ ಮಟ್ಟದಲ್ಲಿ ಇದು ಕಷ್ಟ, ಏಕೆಂದರೆ ಮೇಲ್ವಿಚಾರಣಾ ಸಮಿತಿಯನ್ನು ನೇಮಿಸುವವರು, ಅದಕ್ಕೆ ಹಣ ಕೊಡುವವರು, ಅದರ ಮುಂದೆ ಉತ್ತರ ಹೇಳಬೇಕಾದವರು ಮೂವರೂ ಒಬ್ಬರೇ ಆಗಿಬಿಡುತ್ತಾರೆ.

ಲಾಸ್ ಏಂಜಲೀಸ್ ನಗರದ ಮತದಾರರು 1990ರಲ್ಲಿ ರಚಿಸಿದ ನೀತಿ ಆಯೋಗದಲ್ಲಿ ಐದು ಸದಸ್ಯರು. ಐವರನ್ನೂ ಬೇರೆ ಬೇರೆ ಐದು ಪದಾಧಿಕಾರಿಗಳು ನೇಮಿಸುತ್ತಾರೆ, ಅವಧಿಗಳು ಒಂದೇ ವರ್ಷ ಮುಗಿಯುವುದಿಲ್ಲ. ನ್ಯೂಯಾರ್ಕಿನ ಹಿತಾಸಕ್ತಿ ಸಂಘರ್ಷ ಮಂಡಳಿಯ ಐವರನ್ನೂ ಮೇಯರ್ ನೇಮಿಸುತ್ತಿದ್ದರು. 2019ರ ಮತದಾನದಲ್ಲಿ ಜನ ಆ ಕ್ರಮವನ್ನು ಬದಲಿಸಿ ಇಬ್ಬರ ನೇಮಕವನ್ನು ಬೇರೆ ಚುನಾಯಿತ ಅಧಿಕಾರಿಗಳಿಗೆ ವಹಿಸಿದರು. ಕೈಗಳು ಹೆಚ್ಚಾದಷ್ಟೂ ಹಿಡಿತ ಸಡಿಲವಾಗುತ್ತದೆ. ಸಣ್ಣ ಊರಿಗೆ ಮೂವರು ಸಾಕು. ನಿವೃತ್ತ ನ್ಯಾಯಾಧೀಶರು, ಲೆಕ್ಕಪರಿಶೋಧಕರು, ಶಿಕ್ಷಕರು ಹೀಗೆ ಯಾರಾದರೂ ಆಗಬಹುದು. ಆದರೆ ಕಳೆದ ಐದು ವರ್ಷಗಳಲ್ಲಿ ಪಕ್ಷದ ಪದಾಧಿಕಾರಿ ಆಗಿರಬಾರದು, ಸಂಸ್ಥೆಯ ಗುತ್ತಿಗೆ ಪಡೆದಿರಬಾರದು. ಒಂದೇ ಅವಧಿ, ಮರುನೇಮಕ ಇಲ್ಲ; ಮರುನೇಮಕದ ಆಸೆಯೇ ನಾಲಿಗೆಯನ್ನು ಕಟ್ಟುತ್ತದೆ. ಕಾರಣ ಹೇಳದೆ ತೆಗೆಯುವಂತಿಲ್ಲ. ಅನುದಾನವನ್ನು ಹಿಂದಿನ ವರ್ಷಕ್ಕಿಂತ ಕಡಿತ ಮಾಡಬೇಕಾದರೆ ಬಹಿರಂಗ ಸಭೆಯಲ್ಲಿ ಕಾರಣ ಹೇಳಬೇಕು.

ಅಧಿಕಾರವಿಲ್ಲದೆ ಸ್ವಾತಂತ್ರ್ಯ ಮಾತ್ರ ಇದ್ದರೂ ಸಾಲದು. ಇಂಗ್ಲೆಂಡಿನಲ್ಲಿ 2000ದ ಕಾಯ್ದೆಯಿಂದ ಬಂದ ರಾಷ್ಟ್ರೀಯ ಮಾನದಂಡ ಮಂಡಳಿ 2012ರಲ್ಲಿ ಮುಚ್ಚಿಹೋಯಿತು. ಅದರ ಬದಲಿಗೆ ಪ್ರತಿ ಕೌನ್ಸಿಲ್ಲಿಗೂ ಕನಿಷ್ಠ ಒಬ್ಬ ‘ಸ್ವತಂತ್ರ ವ್ಯಕ್ತಿ’ಯನ್ನು ಇಟ್ಟರು, ಆರೋಪದ ಬಗ್ಗೆ ತೀರ್ಮಾನಿಸುವ ಮುಂಚೆ ಅವರ ಅಭಿಪ್ರಾಯ ಕೇಳಬೇಕು. ಒಳ್ಳೆಯ ಏರ್ಪಾಡೇ, ಆದರೆ ತಪ್ಪಿತಸ್ಥ ಸದಸ್ಯರನ್ನು ಅಮಾನತು ಮಾಡುವ ಅಧಿಕಾರವನ್ನು ಜೊತೆಗೇ ತೆಗೆದುಹಾಕಿದ್ದರು. 2019ರಲ್ಲಿ, ಮೊದಲು ನೋಲನ್ ಸಮಿತಿ ಎನಿಸಿಕೊಂಡಿದ್ದ ಅಲ್ಲಿನ ಸಾರ್ವಜನಿಕ ಜೀವನದ ಮಾನದಂಡಗಳ ಸಮಿತಿಯೇ, ಆರು ತಿಂಗಳವರೆಗೆ ಭತ್ಯೆಯಿಲ್ಲದೆ ಅಮಾನತು ಮಾಡುವ ಅಧಿಕಾರವನ್ನು ಕೊಡಬೇಕೆಂದು ಶಿಫಾರಸು ಮಾಡಬೇಕಾಯಿತು.

ಹೆಜ್ಜೆ 7: ದೂರು ಬಂದಾಗ

ದೂರಿನ ನಮೂನೆ ಒಂದು ಪುಟ ಮೀರಬಾರದು: ಯಾರು, ಏನು, ಯಾವಾಗ, ನಿಮಗೆ ಹೇಗೆ ಗೊತ್ತು, ಆಧಾರವೇನು. ಬಂದ ದೂರಿಗೆ ಸಂಖ್ಯೆ, ಐದು ದಿನಗಳೊಳಗೆ ಸ್ವೀಕೃತಿ. ಬಳಿಕ ಮೊದಲ ಜರಡಿ. ರಸ್ತೆ ಗುಂಡಿ, ನೀರಿನ ಬಿಲ್ಲು, ವರ್ತನೆಯ ಒರಟುತನದ ದೂರುಗಳು ಸಂಬಂಧಪಟ್ಟ ಶಾಖೆಗೆ ಹೋಗಲಿ. ಲಂಚ, ಹಣ ದುರುಪಯೋಗದಂತಹ ಅಪರಾಧಗಳು ಪೊಲೀಸರಿಗೋ ಭ್ರಷ್ಟಾಚಾರ ತನಿಖಾ ಸಂಸ್ಥೆಗೋ ಹೋಗಬೇಕು. ಅಂಥದರಲ್ಲಿ ನಿಮ್ಮ ಸಮಿತಿ ತಾನೇ ಸಾಕ್ಷಿಗಳನ್ನು ಕರೆದು ಕೇಳಲು ಹೊರಟರೆ ಸಾಕ್ಷ್ಯ ಕೆಡುತ್ತದೆ, ಆರೋಪಿ ಎಚ್ಚೆತ್ತುಕೊಳ್ಳುತ್ತಾರೆ. ಉಳಿದದ್ದು ಸಮಿತಿಯ ಪಾಲು.

ಮೂಗರ್ಜಿಯನ್ನು ಏನು ಮಾಡಬೇಕೆಂಬ ಪ್ರಶ್ನೆ ಎಲ್ಲೆಡೆ ಇದೆ. ಕಸದ ಬುಟ್ಟಿಗೆ ಹಾಕಿ ಎನ್ನುವವರೇ ಹೆಚ್ಚು. ನಾನು ಒಪ್ಪುವುದಿಲ್ಲ. ವಂಚನೆಗಳು ಬಯಲಾಗುವ ಬಗೆಯ ಬಗ್ಗೆ ಪ್ರಮಾಣಿತ ವಂಚನಾ ಪರಿಶೋಧಕರ ಅಂತರರಾಷ್ಟ್ರೀಯ ಸಂಘ 2024ರಲ್ಲಿ ಹೊರತಂದ ವರದಿಯಲ್ಲಿ ಶೇ 43ರಷ್ಟು ಪ್ರಕರಣಗಳು ಯಾರೋ ಕೊಟ್ಟ ಸುಳಿವಿನಿಂದ ಸಿಕ್ಕಿವೆ. ಸುಳಿವು ಕೊಟ್ಟವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಒಳಗಿನ ನೌಕರರೇ. ಒಳಗಿನವರು ಹೆಸರು ಬರೆಯಲು ಹೆದರುತ್ತಾರೆ, ಹೆದರಲು ಅವರಿಗೆ ಕಾರಣಗಳಿವೆ. ಹೆಸರಿಲ್ಲದ ದೂರಿನಲ್ಲಿ ಕಡತ ಸಂಖ್ಯೆ, ದಿನಾಂಕ, ಮೊತ್ತದಂತಹ ಪರಿಶೀಲಿಸಬಹುದಾದ ಸಂಗತಿ ಇದ್ದರೆ ದಾಖಲೆ ತೆಗೆದು ನೋಡಿ. ಬೈಗುಳ ಮಾತ್ರ ಇದ್ದರೆ ಮುಕ್ತಾಯಗೊಳಿಸಿ. ಬರೆದವರು ಯಾರೆಂದು ಕೈಬರಹ ಹೋಲಿಸುವ ಕೆಲಸಕ್ಕೆ ಮಾತ್ರ ಯಾರೂ ಇಳಿಯಬಾರದು. ಅದನ್ನೇ ಒಂದು ಅಪಚಾರವೆಂದು ಸಂಹಿತೆಯಲ್ಲಿ ಸೇರಿಸಿ. ದೂರು ಕೊಟ್ಟವರ ವರ್ಗಾವಣೆ, ಕೆಲಸ ಬದಲಾವಣೆ, ಬಡ್ತಿ ತಡೆ ಇವುಗಳಲ್ಲಿ ಯಾವುದೇ ಆದರೂ ದೂರಿನ ನಂತರದ ಒಂದು ವರ್ಷ ಸಮಿತಿಯ ಗಮನಕ್ಕೆ ಬಾರದೆ ಆಗಬಾರದು.

ಆರೋಪ ಹೊತ್ತವರ ಹಕ್ಕೂ ಅಷ್ಟೇ ಮುಖ್ಯ. ಊರು ಚಿಕ್ಕದು, ದೂರು ಬಂದಿದೆ ಎಂಬ ಸುದ್ದಿಯೇ ಶಿಕ್ಷೆಯಾಗಿಬಿಡುತ್ತದೆ. ಚುನಾವಣೆ ಹತ್ತಿರ ಬಂದಾಗ ದೂರುಗಳ ಸುಗ್ಗಿ ಶುರುವಾಗುವುದನ್ನು ಎಲ್ಲರೂ ನೋಡಿದ್ದೇವೆ. ಪ್ರಾಥಮಿಕ ಪರಿಶೀಲನೆ ಮುಗಿಯುವವರೆಗೆ ಹೆಸರು ಹೊರಬೀಳಬಾರದು. ಆರೋಪವನ್ನು ಬರಹದಲ್ಲಿ ಕೊಡಿ, ಆಧಾರದ ದಾಖಲೆಗಳನ್ನು ತೋರಿಸಿ, ಉತ್ತರಿಸಲು ಹದಿನೈದು ದಿನ ಕೊಡಿ, ಜೊತೆಗೆ ಒಬ್ಬರನ್ನು ಕರೆತರಲು ಬಿಡಿ. ತನಿಖೆ ಮಾಡಿದವರೇ ತೀರ್ಪು ಕೊಡಬಾರದು. ಎಲ್ಲವೂ ಆರು ತಿಂಗಳಲ್ಲಿ ಮುಗಿಯಬೇಕು. ಆರೋಪ ಸುಳ್ಳಾದರೆ, ಅವರು ಬಯಸಿದರೆ, ನಿರ್ದೋಷಿ ಎಂಬುದನ್ನು ಆರೋಪದಷ್ಟೇ ಎದ್ದು ಕಾಣುವಂತೆ ಪ್ರಕಟಿಸಿ.

ಹೆಜ್ಜೆ 8: ಶಿಕ್ಷೆಯ ಮೆಟ್ಟಿಲು

ಘೋಷಣೆ ತಡವಾದದ್ದಕ್ಕೂ ಟೆಂಡರನ್ನು ತಿರುಚಿದ್ದಕ್ಕೂ ಒಂದೇ ದೊಣ್ಣೆ ಬೇಡ. ತಿದ್ದುಪಡಿಯ ಸೂಚನೆ, ತರಬೇತಿ, ಬಹಿರಂಗ ಎಚ್ಚರಿಕೆ, ಪಡೆದ ಲಾಭದ ವಸೂಲಿ, ದಂಡ, ಸಮಿತಿಗಳಿಂದ ತೆಗೆಯುವುದು, ಅಮಾನತು ಹೀಗೆ ಮೇಲೇರಲಿ. ಒಂಟಾರಿಯೊದಲ್ಲಿ ಸದಸ್ಯರ ವೇತನವನ್ನು 90 ದಿನಗಳವರೆಗೆ ತಡೆಹಿಡಿಯಬಹುದು. ನೌಕರರಿಗೆ ಸೇವಾ ನಿಯಮಗಳ ವಿಚಾರಣೆ ಇದ್ದೇ ಇದೆ. ಚುನಾಯಿತರನ್ನು ಹುದ್ದೆಯಿಂದ ತೆಗೆಯುವ ಅಧಿಕಾರ ಕಾನೂನಿನಲ್ಲಿ ಯಾರಿಗಿದೆಯೋ ಅವರಿಗೇ ಇರಲಿ, ಸಮಿತಿ ಶಿಫಾರಸು ಮಾಡಲಿ. ಶಿಫಾರಸನ್ನು ಒಪ್ಪದಿದ್ದರೆ ಮೂವತ್ತು ದಿನಗಳೊಳಗೆ ಕಾರಣ ಸಹಿತ ಉತ್ತರ ಪ್ರಕಟವಾಗಬೇಕೆಂಬ ಒಂದು ಷರತ್ತು ಸೇರಿಸಿ. ಮೌನವಾಗಿ ಹೂತುಹಾಕುವುದು ಆಗ ಸುಲಭವಲ್ಲ.

ಹೆಜ್ಜೆ 9: ತರಬೇತಿ ಮತ್ತು ವರ್ಷದ ವರದಿ

ಕ್ಯಾಲಿಫೋರ್ನಿಯಾದ 2005ರ ಕಾನೂನು ಸ್ಥಳೀಯ ಪದಾಧಿಕಾರಿಗಳಿಗೆ ಎರಡು ವರ್ಷಕ್ಕೊಮ್ಮೆ ಎರಡು ಗಂಟೆಯ ನೀತಿ ತರಬೇತಿಯನ್ನು ಕಡ್ಡಾಯ ಮಾಡಿದೆ. ಎರಡು ಗಂಟೆ ಸಾಕು, ಆದರೆ ಕಾನೂನಿನ ಕಲಂಗಳನ್ನು ಓದಿ ಹೇಳುವ ಉಪನ್ಯಾಸವಾದರೆ ವ್ಯರ್ಥ. ಸಲಹೆಯ ಮೇಜಿಗೆ ಬಂದ ನಿಜವಾದ ಪ್ರಶ್ನೆಗಳನ್ನು ಮುಂದಿಟ್ಟು ‘ನೀವಾಗಿದ್ದರೆ?’ ಎಂದು ಕೇಳಿ. ಸದಸ್ಯರು ಮತ್ತು ನೌಕರರು ಒಂದೇ ಕೊಠಡಿಯಲ್ಲಿ ಕೂರಲಿ. ಮುಂದೊಂದು ದಿನ ನೌಕರರು ‘ಸರ್, ಇದು ನನ್ನಿಂದ ಆಗುವುದಿಲ್ಲ’ ಎನ್ನಬೇಕಾದಾಗ, ಅಂದು ಇಬ್ಬರೂ ಒಟ್ಟಿಗೆ ಕೇಳಿದ್ದ ಮಾತು ನೆರವಿಗೆ ಬರುತ್ತದೆ.

ವರದಿಯಲ್ಲಿ ಎಷ್ಟು ಸಲಹೆ ಕೇಳಿದರು, ಎಷ್ಟು ದೂರು ಬಂತು, ಎಷ್ಟು ಮುಗಿಯಿತು, ಎಷ್ಟು ದಿನ ಹಿಡಿಯಿತು, ಎಷ್ಟು ಮಂದಿ ಸಭೆಯಿಂದ ಎದ್ದು ಹೋದರು ಎಂಬ ಅಂಕಿಗಳಿರಲಿ. ಸಲಹೆ ಕೇಳಿದವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ ಅದು ಒಳ್ಳೆಯ ಸುದ್ದಿ. ದೂರು ಸೊನ್ನೆ, ಸಲಹೆಯೂ ಸೊನ್ನೆ ಎಂದಿದ್ದರೆ ಹೋಗಿ ನೋಡಿ. ಬಾಗಿಲು ಮುಚ್ಚಿರುವ ಸಾಧ್ಯತೆಯೇ ಹೆಚ್ಚು.

ಈ ಯಾವುದಕ್ಕೂ ಇನ್ನೂ ಠರಾವು ಆಗಿಲ್ಲ, ಹಣವಿಲ್ಲ, ಸಮಿತಿಯಿಲ್ಲ ಎನ್ನುವವರು ಮುಂದಿನ ಸಭೆಯಿಂದಲೇ ಒಂದು ಕೆಲಸ ಶುರು ಮಾಡಬಹುದು. ಕಾರ್ಯಸೂಚಿಯ ಮೊದಲ ವಿಷಯವಾಗಿ ‘ಹಿತಾಸಕ್ತಿಯ ಘೋಷಣೆ’ ಎಂದು ಅಚ್ಚು ಹಾಕಿಸಿ. ಅಧ್ಯಕ್ಷರು ಅದನ್ನು ಓದಿ, ಪ್ರತಿಯೊಬ್ಬ ಸದಸ್ಯರ ಕಡೆಗೂ ಒಮ್ಮೆ ನೋಡಿ, ಅರ್ಧ ನಿಮಿಷ ಕಾಯಲಿ. ಯಾರೂ ಏನೂ ಹೇಳದಿದ್ದರೆ ‘ಯಾರೂ ಘೋಷಿಸಲಿಲ್ಲ’ ಎಂದು ನಡಾವಳಿ ಬರೆಯುವವರು ಬರೆದುಕೊಳ್ಳಲಿ. ಜೊತೆಗೆ ಗೆರೆ ಹಾಕಿದ ಒಂದು ನೋಟ್ ಪುಸ್ತಕ ತಂದು, ಪುಟಗಳಿಗೆ ಸಂಖ್ಯೆ ಹಾಕಿ, ರಟ್ಟಿನ ಮೇಲೆ ‘ಉಡುಗೊರೆ ಮತ್ತು ಸಲಹೆ ವಹಿ’ ಎಂದು ಬರೆದು, ಅದು ಯಾರ ಮೇಜಿನಲ್ಲಿರುತ್ತದೆ ಎಂಬುದನ್ನು ಎಲ್ಲ ಶಾಖೆಗಳಿಗೂ ತಿಳಿಸಿ.